ಎಡೆಗಿಟ್ಟ ಐಸ್ ಕಾಫಿ

ಮನುಷ್ಯ ಬದುಕಿರುವಷ್ಟು ದಿನ ಅವನಿಗೆ ಏನು ಇಷ್ಟ ಎಂದು ಯಾರೂ ಹೆಚ್ಚಾಗಿ ಕೇಳುವುದಿಲ್ಲ. ಮಾಡಿ ಬಡಿಸಿದ್ದನ್ನು ಉಂಡು ಎದ್ದು ಹೋದರೆ ಒಳ್ಳೆಯವನು ಅನ್ನಿಸಿಕೊಳ್ಳುತ್ತಾನೆ. ಸತ್ತ ಮೇಲೆ ಮಾತ್ರ ಈ ವಿಚಾರಣೆ ಜೋರಾಗಿ ಶುರುವಾಗುತ್ತದೆ. ‘ಅವರಿಗೆ ಕಡಲೆಬೇಳೆ ವಡೆ ಅಂದರೆ ಪ್ರಾಣ’ ಎಂದು ಒಬ್ಬರು, ‘ಎಲ್ಲಾದರೂ ಉಂಟೆ, ಉದ್ದಿನ ವಡೆ’ ಎಂದು ಇನ್ನೊಬ್ಬರು. ತೀರ್ಪು ಹೇಳಬೇಕಾದವರು ಗೋಡೆಯ ಮೇಲೆ, ಚೌಕಟ್ಟಿನೊಳಗೆ, ಗಾಜಿನ ಮೇಲೆ ಗಂಧ ಹಚ್ಚಿಸಿಕೊಂಡು ಸುಮ್ಮನೆ ನೋಡುತ್ತಿರುತ್ತಾರೆ. ನಮ್ಮದು ಎಷ್ಟೋ ತಲೆಮಾರಿನ ಹಿಂದೆ ಕೊಯಮತ್ತೂರಿನ ಕಡೆಗೆ ಬಂದು ನೆಲೆಸಿದ ನೇಕಾರರ ಮನೆತನ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಬಂದ ದಾರಿಯಲ್ಲಿ ನಮ್ಮ ಹಿರಿಯರು ಏನೇನನ್ನು ಬಿಟ್ಟು ಬಂದರೋ ಗೊತ್ತಿಲ್ಲ. ಸತ್ತವರಿಗೆ ಎಡೆ ಇಡುವ ಪದ್ಧತಿಯನ್ನು ಮಾತ್ರ ಭದ್ರವಾಗಿ ಗಂಟು ಕಟ್ಟಿಕೊಂಡು ತಂದಿದ್ದಾರೆ.

ಪದ್ಧತಿ ಏನೂ ಕಷ್ಟದ್ದಲ್ಲ. ಸತ್ತು ವರ್ಷ ತುಂಬಿದ ದಿನ ಅವರಿಗೆ ಇಷ್ಟವಾದದ್ದನ್ನೆಲ್ಲ ಪಟದ ಮುಂದೆ ಬಾಳೆಯೆಲೆಯಲ್ಲಿ ಬಡಿಸಿ, ಧೂಪ ಹಾಕಿ, ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಮುಚ್ಚಬೇಕು. ಒಳಗೆ ಅವರು ಬಂದು ಊಟ ಮಾಡಿ ಹೋಗುತ್ತಾರೆ. ಅಷ್ಟು ಹೊತ್ತು ನಾವು ಜಗಲಿಯ ಮೇಲೆ ಮೆಲ್ಲಗೆ ಮಾತಾಡುತ್ತ ಕೂತಿರಬೇಕು. ಬಾಗಿಲು ತೆಗೆದ ಮೇಲೆ ಮನೆಗೆ ಹಿರಿಯರಾದವರು ಎಲೆಯ ಮುಂದೆ ಕೂತು ಗುರುತು ಹುಡುಕುತ್ತಾರೆ. ಅನ್ನದ ಗುಡ್ಡೆ ಒಂದು ಕಡೆ ಕುಸಿದಿದೆಯೆ, ಪಾಯಸ ತಗ್ಗಿದೆಯೆ, ವಡೆ ಜರುಗಿದೆಯೆ ಎಂದು. ಗುರುತು ಸಿಕ್ಕರೆ ಎಲ್ಲರಿಗೂ ಸಮಾಧಾನ, ತಕ್ಷಣ ಊಟ. ಸಿಗದಿದ್ದರೆ ಯಾರೋ ಏನೋ ತಪ್ಪು ಮಾಡಿದ್ದಾರೆ ಎಂದರ್ಥ. ಹೊಟ್ಟೆ ಹಸಿದಿರುವಾಗ ತಪ್ಪು ಮಾಡಿದವರು ಬಹಳ ಬೇಗ ಪತ್ತೆಯಾಗುತ್ತಾರೆ. ನನ್ನ ದೊಡ್ಡಪ್ಪನಿಗೆ ನಶ್ಯ ಇಡುತ್ತಿದ್ದೆವು. ಬಾಗಿಲು ತೆಗೆದಾಗ ಯಾರಾದರೂ ಸೀನಿದರೆ ದೊಡ್ಡಪ್ಪ ಬಂದು ಹೋದ ಹಾಗೆ. ಒಬ್ಬ ಅತ್ತೆಗೆ ತಿನ್ನುವುದರಲ್ಲಿ ಆಸೆಯೇ ಇರಲಿಲ್ಲ, ಬೀದಿಯವರ ಮನೆ ವಿಷಯ ಮಾತಾಡುವುದೆಂದರೆ ಆಯಿತು. ಅದನ್ನು ಎಲೆಯಲ್ಲಿ ಬಡಿಸುವುದು ಹೇಗೆ ಎಂದು ಯೋಚನೆಯಾಗಿತ್ತು. ಕೊನೆಗೆ ಬಾಗಿಲು ಮುಚ್ಚಿ ಜಗಲಿಯ ಮೇಲೆ ಕೂತವರೇ ಆ ಭಾಗವನ್ನು ನೆರವೇರಿಸಿಕೊಟ್ಟರು.

ನನ್ನ ಹೆಂಡತಿ ಮಾದೇವಿಗೆ ವರ್ಷದ ಎಡೆ ಇಡುವ ದಿನ ಹತ್ತಿರ ಬಂದಾಗ ನನ್ನ ಅಕ್ಕ ಕೇಳಿದಳು. ಅಕ್ಕ ಗಂಡ ಸತ್ತ ಮೇಲೆ ನಮ್ಮ ಮನೆಯಲ್ಲೇ ಇದ್ದಾಳೆ; ಅಕ್ಕಪಕ್ಕದ ಮಗ್ಗಗಳಿಗೆ ರಾಟೆಯಲ್ಲಿ ಕಂಡಿಕೆ, ಅಂದರೆ ಲಾಳಿಯೊಳಗೆ ಕೂರುವ ನೂಲಿನ ಸುರುಳಿ, ಸುತ್ತಿಕೊಡುತ್ತಾಳೆ. ನಾನು ಮಿಲ್ಲೊಂದರಲ್ಲಿ ಗುಮಾಸ್ತ. ರಾಟೆಯನ್ನು ನಿಲ್ಲಿಸದೆಯೇ ಅಕ್ಕ ಕೇಳಿದಳು: “ತಂಬಿ, ಎಡೆಗೆ ಏನೇನ್ ಮಾಡಣ? ಅವ್ಳಿಗೆ ಏನಪ್ಪಾ ಇಷ್ಟ?”

“ಐಸ್ ಕಾಫಿ,” ಅಂದೆ.

ರಾಟೆ ನಿಂತಿತು.

“ಎಡೆಗಾ? ಐಸ್ ಕಾಪಿನಾ? ಹೋಳಿಗೆ ಅನ್ನು, ಕಜ್ಜಾಯ ಅನ್ನು. ಎಡೆಗೆ ಐಸ್ ಇಟ್ಟೋರ್ನ ನಾ ಎಲ್ಲೂ ಕಂಡಿಲ್ಲ. ಶಳಿ ಹಿಡೀತದೆ.”

ಶಳಿ ಎಂದರೆ ನೆಗಡಿ, ಕಫ, ಕೆಮ್ಮು ಎಲ್ಲ ಸೇರಿದ ಒಂದು ತಮಿಳು ಮಾತು. ಅಕ್ಕನ ಪ್ರಕಾರ ಲೋಕದ ಅರ್ಧ ಕಷ್ಟಕ್ಕೆ ಅದೇ ಕಾರಣ.

“ಸತ್ತೋರಿಗೆ ಶಳಿ ಹಿಡಿಯುತ್ತಾ ಅಕ್ಕಾ?”

“ಅವ್ಳಿಗೆ ಯಾಕೆ ಹಿಡೀತದೆ? ಅವ್ಳು ಕುಡ್ದು ಮಿಕ್ಕಿದ್ದ ಕುಡಿಯೋನು ನೀನಲ್ವಾ? ಆಮೇಲೆ ಕಷಾಯ ಕಾಯ್ಸೋಳು ನಾನು!” ಎಂದು ಅಕ್ಕ ಮತ್ತೆ ರಾಟೆ ತಿರುಗಿಸಿದಳು.

ಮಾದೇವಿಯ ತವರು ಕೊಳ್ಳೇಗಾಲ. ಅವಳಿಗೆ ಕನ್ನಡ ಓದಲು ಬರೆಯಲು ಬರುತ್ತಿತ್ತು, ನನಗೆ ಮಾತಾಡಲು ಮಾತ್ರ. ನಾನು ಓದಿದ್ದು ತಮಿಳು ಶಾಲೆಯಲ್ಲಿ. ಮದುವೆಯಾದ ಹೊಸದರಲ್ಲಿ ನಾನು ಮಾತುಮಾತಿಗೆ ತಮಿಳಿನ ಬಾಲ ಹಚ್ಚಿ ‘ಏನುಂಗ’ ಅನ್ನುವುದನ್ನು ಕೇಳಿ ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ನಂತರ ಕನಿಕರ ಹುಟ್ಟಿ ನನಗೆ ಅಕ್ಷರ ಕಲಿಸಿದಳು. ಈಗ ಇದನ್ನು ಬರೆಯುತ್ತಿರುವುದು ಆ ಅಕ್ಷರಗಳಲ್ಲೇ. ತಪ್ಪುಗಳಿದ್ದರೆ ಓದುವವರು ಕ್ಷಮಿಸಬೇಕು, ತಿದ್ದುವವಳು ಇಲ್ಲ.

ಅವಳು ಐಸ್ ಕಾಫಿಯನ್ನು ಮೊದಲು ಕಂಡದ್ದು ಕೊಯಮತ್ತೂರು ಪೇಟೆಯ ಒಂದು ತಂಪು ಪಾನೀಯದ ಅಂಗಡಿಯಲ್ಲಿ. ಸಿನಿಮಾ ನೋಡಿ ಬಿಸಿಲಿನಲ್ಲಿ ಹೊರಗೆ ಬಂದಿದ್ದೆವು. ಉದ್ದನೆಯ ಗಾಜಿನ ಲೋಟದಲ್ಲಿ ಕೆಳಗೆ ಕಂದು ಕಾಫಿ, ಮೇಲೆ ಗಂಧದ ಬಣ್ಣದ ನೊರೆ. ನಾನು ನೊರೆಯನ್ನು ಮೀಸೆಗೆ ಹಚ್ಚಿಕೊಂಡು ಕುಡಿಯುತ್ತಿರುವಾಗ ಅವಳು ಅಂಗಡಿಯವನ ಕೈಯನ್ನೇ ನೋಡುತ್ತಿದ್ದಳು. ಬಸ್ಸಿನಲ್ಲಿ ಬರುವಾಗ, “ರೀ, ಅದೇನ್ ಮಹಾ. ಮನೇಲೇ ಮಾಡ್ಬೋದು,” ಅಂದಳು. ಮಾಡಿಯೂ ಬಿಟ್ಟಳು. ನೀರಿಗೆ ಹಾಕಿದರೆ ಕರಗುವ ಕಾಫಿಪುಡಿ, ಅದರಷ್ಟೇ ಸಕ್ಕರೆ, ನಾಲ್ಕು ಹನಿ ನೀರು. ಇವನ್ನು ಚೆಂಬಿನಲ್ಲಿ ಹಾಕಿ ಚಮಚದಲ್ಲಿ ಬಡಿಯುವುದು. ಬಡಿಯುವುದು ಎಂದರೆ ಸುಮ್ಮನೆ ಅಲ್ಲ. ಮಗ್ಗದಲ್ಲಿ ಲಾಳಿ ಓಡುವ ಹಾಗೆ ಟಕಟಕ ಎಂದು ಒಂದೇ ಸಮನೆ. ನಮ್ಮ ಮನೆಯಲ್ಲಿ ಹೊಸ ಮಗ್ಗ ಹಾಕಿದ್ದೇವೋ ಎಂದು ಎದುರುಮನೆಯವರು ಒಮ್ಮೆ ಬಂದು ಇಣುಕಿ ನೋಡಿ ಹೋದರು. ಬಡಿಯುತ್ತ ಬಡಿಯುತ್ತ ಆ ಕಪ್ಪು ಪಾಕ ತಿಳಿಯಾಗಿ, ಹಗುರಾಗಿ, ಉಬ್ಬಿ ಬರುತ್ತಿತ್ತು. ಆಗ ಅವಳು ಚೆಂಬನ್ನು ನನ್ನ ತಲೆಯ ಮೇಲೆ ಬೋರಲು ಹಿಡಿಯುತ್ತಿದ್ದಳು. ನೊರೆ ಬೀಳುತ್ತಿರಲಿಲ್ಲ. ಅದೇ ಅವಳ ಪರೀಕ್ಷೆ. ಬಿದ್ದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ ನನ್ನೊಬ್ಬನದಾಗಿತ್ತು.

ಲೋಟಕ್ಕೆ ಮಂಜುಗಡ್ಡೆ, ಆರಿದ ಹಾಲು, ಸ್ವಲ್ಪ ಡಿಕಾಕ್ಷನ್, ಮೇಲೆ ನೊರೆ. ಇಷ್ಟೆಲ್ಲ ಮಾಡಿ, ಕುಡಿಯುವ ಮೊದಲು ಅವಳು ತನ್ನ ಲೋಟದ ನೊರೆಯನ್ನು ಚಮಚದಲ್ಲಿ ತೆಗೆದು ನನ್ನ ಲೋಟಕ್ಕೆ ಹಾಕುತ್ತಿದ್ದಳು. “ತಗೊಳ್ಳಿ. ಗಾಳಿ ನಿಮ್ಗೆ, ಕಾಫಿ ನಂಗೆ.” ಅಷ್ಟು ಹೊತ್ತು ಕೈ ನೋಯಿಸಿಕೊಂಡು ಎಬ್ಬಿಸಿದ ನೊರೆ ಅವಳಿಗೆ ಬೇಡ. ಅಡಿಯಲ್ಲಿರುವ ತಣ್ಣನೆಯ ಕಾಫಿ ಬೇಕು. ಅಕ್ಕ ಕಂಬಕ್ಕೆ ಒರಗಿ ತನ್ನ ಬಿಸಿ ಕಾಫಿ ಕುಡಿಯುತ್ತ, “ಬೇಡ ಅಂದ್ಮೇಲೆ ಆ ಬಡಿತ ಯಾತಕ್ಕೆ ಬಡೀತೀಯೇ?” ಎಂದು ಕೇಳುತ್ತಿದ್ದಳು. “ನಿಮ್ ತಮ್ಮಂಗೆ ಗಾಳಿ ಸಾಕಾಗಲ್ಲ ಅತ್ತಿಗೆ, ಅದಕ್ಕೇ ಸ್ವಲ್ಪ ಶೇಖರ್ಣೆ ಮಾಡಿಡ್ತೀನಿ,” ಎಂದು ಮಾದೇವಿ. ನಾನು ಇಬ್ಬರಿಗೂ ಉತ್ತರ ಕೊಡುತ್ತಿರಲಿಲ್ಲ. ಬಾಯಲ್ಲಿ ನೊರೆ ಇರುತ್ತಿತ್ತು.

ನಾನು ಕಾಫಿ ಮಾಡಿದ ದಿನಗಳೂ ಇಲ್ಲದಿಲ್ಲ. ಅವಳಿಗೆ ಮೈ ಸರಿಯಿಲ್ಲದಾಗ ಮಾಡಿ ಕೊಡುತ್ತಿದ್ದೆ. ಒಂದು ಗುಟುಕು ಕುಡಿದು, “ಸಕ್ಕರೆ ಜಾಸ್ತಿ ಆಯ್ತು,” ಅನ್ನುತ್ತಿದ್ದಳು. ಹೊಗಳಿಕೆಯೂ ಅದೇ, ದೂರೂ ಅದೇ. ಮರುದಿನ ಸಕ್ಕರೆ ಕಡಿಮೆ ಹಾಕಿದರೂ ಅದೇ ಮಾತು. ಲೋಟ ಮಾತ್ರ ಖಾಲಿಯಾಗಿ ವಾಪಸ್ಸು ಬರುತ್ತಿತ್ತು.

ಹೋದ ವರ್ಷ ಚಿತ್ತಿರೆ ತಿಂಗಳಲ್ಲಿ, ಇಲ್ಲಿನವರು ಕತ್ತಿರಿ ಬಿಸಿಲು ಎನ್ನುವ ಉರಿಬಿಸಿಲಿನ ಕಾಲದಲ್ಲಿ, ಅವಳು ಜ್ವರ ಬಂದು ತೀರಿಕೊಂಡಳು. ಅದರ ಬಗ್ಗೆ ಬರೆಯುವಂಥದ್ದು ಹೆಚ್ಚೇನಿಲ್ಲ. ಎಲ್ಲರ ಮನೆಯಲ್ಲೂ ಆಗುವಂತೆಯೇ ಆಯಿತು.

ಮೊದಲ ವರ್ಷದ ಎಡೆ ಸತ್ತವರೊಬ್ಬರಿಗೇ ಇಡುವುದು. ಅದು ಮುಗಿದರೆ ಅವರು ಹಿರಿಯರ ಗುಂಪಿಗೆ ಸೇರಿದಂತೆ; ಮುಂದೆ ಎಲ್ಲರಿಗೂ ಕೂಡಿಸಿ ಒಂದೇ ಎಲೆ. ಅಂದರೆ ಮಾದೇವಿ ಇನ್ನು ಮೇಲೆ ನನ್ನ ದೊಡ್ಡಪ್ಪನ ನಶ್ಯದ ಪಕ್ಕದಲ್ಲಿ, ಮಾತುಗಾತಿ ಅತ್ತೆಯ ಜೊತೆಗೆ ಕೂತು, ಸಿಕ್ಕಿದ್ದನ್ನು ತಿನ್ನಬೇಕು. ಅವಳದೇ ಎಲೆ, ಅವಳದೇ ಲೋಟ ಎಂಬುದು ಇದೊಂದು ಸಲ. ಆದ್ದರಿಂದ ಐಸ್ ಕಾಫಿ ಇಟ್ಟೇ ತೀರಬೇಕು, ಅದೂ ಅವಳು ಮಾಡಿದ ಹಾಗೆ, ಬಾಗಿಲು ತೆಗೆಯುವವರೆಗೂ ನೊರೆ ಬೀಳದ ಹಾಗೆ ಎಂದು ನಿಶ್ಚಯ ಮಾಡಿದೆ. ಹಟ ಮಾಡುವುದು ನನ್ನ ಸ್ವಭಾವವಲ್ಲ. ಅಭ್ಯಾಸವಿಲ್ಲದ್ದರಿಂದ ಸ್ವಲ್ಪ ಅತಿಯಾಯಿತು ಎಂದು ಕಾಣುತ್ತದೆ.

ಭಾನುವಾರ ಮಧ್ಯಾಹ್ನಗಳಲ್ಲಿ ಅಭ್ಯಾಸಕ್ಕೆ ಕೂತೆ. ಚಮಚದಲ್ಲಿ ಬಡಿದೆ. ಅವಳ ಕೈಯಲ್ಲಿ ಮಗ್ಗದ ಹಾಗೆ ಕೇಳುತ್ತಿದ್ದ ಸದ್ದು ನನ್ನ ಕೈಯಲ್ಲಿ ಸಾಲ ಕೊಟ್ಟವನು ಬಾಗಿಲು ತಟ್ಟಿದ ಹಾಗೆ ಕೇಳಿಸಿತು. ಭುಜ ನೋವು ಬಂತು, ನೊರೆ ಬರಲಿಲ್ಲ. ಮಿಲ್ಲಿನಲ್ಲಿ ಒಬ್ಬ ಗೆಳೆಯನಿಗೆ ಹೇಳಿದೆ, ಯಾತಕ್ಕೆ ಎಂಬುದನ್ನು ಬಿಟ್ಟು. ಕೊಯಮತ್ತೂರಿನಲ್ಲಿ ಯಾವ ಕಷ್ಟಕ್ಕೂ ಒಂದೇ ಪರಿಹಾರ, ಅದಕ್ಕೆ ಒಂದು ಮೋಟರ್ ಕೂಡಿಸುವುದು. ಬಾವಿಗೆ ಮೋಟರ್, ಮಗ್ಗಕ್ಕೆ ಮೋಟರ್, ಹಿಟ್ಟು ರುಬ್ಬುವ ಕಲ್ಲಿಗೂ ಮೋಟರ್. ಅವನೂ ಹಾಗೇ ಹೇಳಿ ಎರವಲಾಗಿ ಒಂದು ಮಿಕ್ಸಿ ಕೊಡಿಸಿದ. ಅದರಲ್ಲಿ ಹಾಕಿ ತಿರುಗಿಸುವ ಹೊತ್ತಿಗೆ ಕರೆಂಟು ಹೋಯಿತು. ಕರೆಂಟು ಬಂದಾಗ ಕಾಫಿ ಜಾಡಿಯ ತಳಕ್ಕೆ ಅಂಟಿಕೊಂಡು ಗಟ್ಟಿಯಾಗಿತ್ತು. ವರ್ಷದ ಎಡೆಯ ದಿನವೂ ಕರೆಂಟು ಹೋದರೆ? ಸತ್ತವರು ಬರುವುದನ್ನು ನಂಬಬಹುದು, ಕರೆಂಟು ಬರುವುದನ್ನು ನಂಬಲಾಗದು. ಮಿಕ್ಸಿಯನ್ನು ತೊಳೆದು ಹಿಂದಿರುಗಿಸಿದೆ.

ಆಗ ಕಣ್ಣಿಗೆ ಬಿದ್ದದ್ದು ಅಕ್ಕನ ರಾಟೆ. ಕರೆಂಟು ಬೇಡ, ದೊಡ್ಡ ಚಕ್ರವನ್ನು ಒಂದು ಸುತ್ತು ತಿರುಗಿಸಿದರೆ ನೂಲು ಸುತ್ತುವ ಕಬ್ಬಿಣದ ಕಡ್ಡಿ, ಅಂದರೆ ಕದಿರು, ಕಣ್ಣಿಗೆ ಕಾಣದಷ್ಟು ವೇಗವಾಗಿ ತಿರುಗುತ್ತದೆ. ಹಳೆಯ ಕೊಡೆಯ ಒಂದು ಕಡ್ಡಿಯನ್ನು ಉಜ್ಜಿ ತೊಳೆದು, ಬಗ್ಗಿಸಿ, ಕದಿರಿನ ತುದಿಗೆ ನೂಲಿನಲ್ಲಿ ಬಿಗಿದೆ. ಅಕ್ಕ ಮಗ್ಗದವರಿಗೆ ಕಂಡಿಕೆ ಕೊಡಲು ಹೋಗಿದ್ದಳು. ಕದಿರು ಅಡ್ಡಡ್ಡ ಇರುವುದರಿಂದ ಚೆಂಬನ್ನು ಎಡಗೈಯಲ್ಲಿ ಓರೆಯಾಗಿ ಹಿಡಿದು ಬಲಗೈಯಿಂದ ಚಕ್ರ ತಿರುಗಿಸಬೇಕು. ತಿರುಗಿಸಿದೆ. ಕಾಫಿ ಚೆಂಬಿನಲ್ಲಿ ಇರಲೇ ಇಲ್ಲ. ಗೋಡೆಯ ಮೇಲಿತ್ತು, ನನ್ನ ಕನ್ನಡಕದ ಮೇಲಿತ್ತು, ಬಿಸಿಲಿಗೆ ಹರವಿದ್ದ ಬಿಳಿ ನೂಲಿನ ಲಡಿಗಳ ಮೇಲೆ ಒಳ್ಳೆಯ ಬುಟ್ಟಾ ಬಿಡಿಸಿದ ಹಾಗೆ ಇತ್ತು. ಅಕ್ಕ ಬಾಗಿಲಲ್ಲಿ ನಿಂತಿದ್ದಳು.

“ಅಯ್ಯೋ ಕಡವುಳೇ! ನೂಲ್ ಸುತ್ತೋ ರಾಟೇಲಿ ಕಾಪಿ ಸುತ್ತವ್ನಲ್ಲಾ!” ಎಂದು ಕೂಗಿದಳು. ಲಡಿಗಳನ್ನು ಎತ್ತಿ ನೀರಿಗೆ ಹಾಕುವಾಗಲೂ ಬೈಗುಳ ನಿಲ್ಲಲಿಲ್ಲ. ನಾನು ಗೋಡೆ ಒರೆಸಿದೆ. ಮುಂದಿನ ಭಾನುವಾರ ನಾನು ಮತ್ತೆ ರಾಟೆಯ ಮುಂದೆ ಕೂತದ್ದನ್ನು ನೋಡಿ ಅವಳು ನೂಲನ್ನೆಲ್ಲ ಒಳಗಿಟ್ಟಳು. ಆಮೇಲೆ ಬಂದು ಪಕ್ಕದಲ್ಲಿ ಕೂತಳು.

“ಜರುಗು. ನೀ ಚೆಂಬು ಹಿಡಿ, ನಾ ತಿರುಗಿಸ್ತೀನಿ. ಹಂಗೆ ಮಿಲ್ ಇಂಜಿನ್ ಥರ ಎಳೆದ್ರೆ ನೂಲೇ ನಿಲ್ಲಲ್ಲ, ಕಾಪಿ ನಿಲ್ತದಾ?”

ಅಕ್ಕ ತಿರುಗಿಸಿದಳು, ಎಳೆ ಕಿತ್ತುಹೋಗದ ಹಾಗೆ ನಿಧಾನವಾಗಿ, ಸಮನಾಗಿ. ನಾನು ಚೆಂಬು ಹಿಡಿದು ಕೂತೆ. ಕಪ್ಪು ಪಾಕ ಕೆಂಪಾಯಿತು, ಕೆಂಪು ಹೋಗಿ ಗಂಧದ ಬಣ್ಣವಾಯಿತು, ಉಬ್ಬಿತು. ಅಕ್ಕ ಚೆಂಬನ್ನು ನನ್ನ ಕೈಯಿಂದ ಕಿತ್ತುಕೊಂಡು ಬೋರಲು ಹಿಡಿದಳು, ನನ್ನ ತಲೆಯ ಮೇಲೆ. ಬೀಳಲಿಲ್ಲ. “ಅವ್ಳು ಹಿಂಗೇ ಹಿಡೀತಿದ್ಲಲ್ವಾ?” ಅಂದಳು. ಹೌದು ಅಂದೆ. ಆ ನೊರೆಯನ್ನು ಇಬ್ಬರೂ ತಿನ್ನದೆ, ಚೆಲ್ಲಲೂ ಮನಸ್ಸು ಬಾರದೆ, ಸಂಜೆಯವರೆಗೆ ಕಪಾಟಿನ ಮೇಲೆ ಇಟ್ಟು ಆಗಾಗ ಹೋಗಿ ನೋಡಿದೆವು. ನಿಂತೇ ಇತ್ತು.

ಮಂಜುಗಡ್ಡೆ ಬೇಕಾದದ್ದು ಆ ದಿನಕ್ಕೆ ಮಾತ್ರ. ಬೆಳಿಗ್ಗೆ ತುಡಿಯಲೂರಿನ ಐಸ್ ಅಂಗಡಿಗೆ ಹೋದೆ. ಮರದ ಹೊಟ್ಟಿನಲ್ಲಿ ಹೂತಿಟ್ಟ ದೊಡ್ಡ ದೊಡ್ಡ ಗಡ್ಡೆಗಳನ್ನು ಅಲ್ಲಿಯವನು ಸೋಡಾ ಅಂಗಡಿಯವರಿಗೆ, ಮದುವೆಯವರಿಗೆ, ಹೆಣ ಇಟ್ಟುಕೊಂಡು ದೂರದ ನೆಂಟರಿಗಾಗಿ ಕಾಯುವವರಿಗೆ ಮಾರುತ್ತಾನೆ. ಬಿಳಿ ಪಂಚೆ ಉಟ್ಟು, ಕ್ಷೌರ ಮಾಡಿಕೊಳ್ಳದೆ ಬಂದ ನನ್ನನ್ನು ನೋಡಿ ಅವನು ದನಿ ತಗ್ಗಿಸಿ ತಮಿಳಿನಲ್ಲಿ ಕೇಳಿದ:

“ಯಾರುಂಗಣ್ಣಾ ತೀರಿಕೊಂಡದ್ದು?”

“ಮನೆಯವಳು.”

“ಅಡ ಪಾವಮೇ. ಎಪ್ಪೋ?”

“ಹೋದ ವರ್ಷ.”

ಅವನು ಗಡ್ಡೆ ಒಡೆಯಲು ಎತ್ತಿದ್ದ ಚೂಪುಗಡಾರಿಯನ್ನು ಮೆಲ್ಲಗೆ ಕೆಳಗಿಟ್ಟ. ನನ್ನ ಮುಖವನ್ನು ಸರಿಯಾಗಿ ನೋಡಿದ. ಗುರುತು ಸಿಕ್ಕಿತು. ಹೋದ ವರ್ಷ ಮಾದೇವಿಯ ಅಣ್ಣ ಕೊಳ್ಳೇಗಾಲದಿಂದ ಬರುವವರೆಗೆ ಬೇಕಾದ ಮಂಜುಗಡ್ಡೆಯನ್ನು ಅವನೇ ಕೊಟ್ಟಿದ್ದ. “ಅವರನ್ನು ಇನ್ನೂ...?” ಎಂದು ಕೇಳಲು ಬಾಯಿ ತೆರೆದು ಅಲ್ಲಿಗೇ ನಿಲ್ಲಿಸಿದ. ಪಾಪ, ನನ್ನ ಬಗ್ಗೆ ಅವನು ಏನೆಂದುಕೊಂಡನೋ. “ಎಡೆಗೆ, ಕಾಫಿಗೆ. ಈ ಸಲ ಚಿಕ್ಕ ತುಂಡು ಸಾಕು,” ಅಂದೆ. ಅವನು ಚಿಕ್ಕ ತುಂಡು ಕೇಳಿದವನಿಗೆ ದೊಡ್ಡದನ್ನೇ ಒಡೆದು ಕೊಟ್ಟ. ಮಿಲ್ಲಿನಿಂದ ತಂದಿದ್ದ ಹತ್ತಿ ವೇಸ್ಟಿನಲ್ಲಿ ಸುತ್ತಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಕೂಸನ್ನು ಎತ್ತಿಕೊಂಡ ಹಾಗೆ ಎದೆಗೆ ಒತ್ತಿಕೊಂಡು ಬಸ್ಸಿನಲ್ಲಿ ಕೂತು ಬಂದೆ. ಅಂಗಿ ನೆನೆಯಿತು. ಪಕ್ಕದ ಸೀಟಿನ ಹೆಂಗಸು ಒಂದು ಸಲ ಅಂಗಿಯನ್ನೂ ಒಂದು ಸಲ ಬಟ್ಟೆಯ ಗಂಟನ್ನೂ ನೋಡಿ, ಕೂಸು ಇಷ್ಟು ಸುಮ್ಮನಿರುವುದನ್ನು ಮೆಚ್ಚಿಕೊಂಡ ಹಾಗೆ ಕಂಡಿತು.

ಮಾದೇವಿಯ ಅಣ್ಣ ಶಿವಣ್ಣ ಬೆಳಗಿನ ಬಸ್ಸಿಗೇ ಬಂದಿದ್ದ. ಅಕ್ಕ ಅಡುಗೆ ಮುಗಿಸಿ, ರಾಟೆಯನ್ನು ತೊಳೆದು, ಅದಕ್ಕೆ ಕುಂಕುಮ ಇಟ್ಟಿದ್ದಳು. ನಾವಿಬ್ಬರೂ ಕಾಫಿ ಸುತ್ತುವುದನ್ನು ಶಿವಣ್ಣ ಕಣ್ಣು ಬಿಟ್ಟುಕೊಂಡು ನೋಡಿದ. ಈ ಕಡೆಯ ಪದ್ಧತಿ ಇರಬೇಕು ಎಂದುಕೊಂಡು ಕೈ ಮುಗಿದ. ನೊರೆ ಚೆನ್ನಾಗಿ ಬಂತು. ಮಾದೇವಿಯ ಲೋಟಕ್ಕೆ ಮಂಜುಗಡ್ಡೆಯ ಚೂರುಗಳನ್ನು ಅಂಚಿನವರೆಗೆ ಒತ್ತೊತ್ತಾಗಿ ತುಂಬಿದೆ, ಧಗೆಗೆ ಬೇಗ ಕರಗಬಾರದೆಂದು. ಕಾಫಿಯನ್ನು ಅರ್ಧಕ್ಕಿಂತ ತುಸು ಮೇಲೆ ಸುರಿದೆ. ಮೇಲಿನ ಮಂಜಿನ ಚೂರುಗಳ ಮೇಲೆ ಸೂರು ಹೊದಿಸಿದ ಹಾಗೆ ನೊರೆಯನ್ನು ಹರಡಿದೆ. ಸ್ಟೀಲು ಲೋಟದ ಅಂಚಿನಿಂದ ಮೇಲಕ್ಕೆ ಅದು ಗೋಪುರದ ಹಾಗೆ ನಿಂತಿತು. ಅದನ್ನು ಎಲೆಯ ಬಲಗಡೆಗೆ ಇಟ್ಟೆವು. ಧೂಪ ಹಾಕಿ, ಹೊರಗೆ ಬಂದು ಬಾಗಿಲು ಮುಚ್ಚಿದೆವು.

ಜಗಲಿಯ ಮೇಲೆ ಬಿಸಿಗಾಳಿ. ಶಿವಣ್ಣ ತಂಗಿಯ ಚಿಕ್ಕಂದಿನ ಮಾತು ತೆಗೆದ, ಅಕ್ಕ ಹೂಂಗುಟ್ಟಿದಳು. ನನ್ನ ಗಮನವೆಲ್ಲ ನೊರೆಯ ಮೇಲಿತ್ತು. ನಿಂತಿರುತ್ತದೆಯೆ? ನಿಂತಿರುತ್ತದೆ ಎಂದು ಗೊತ್ತಿತ್ತು. ಮನಸ್ಸಿನೊಳಗೆ ಸ್ವಲ್ಪ ಹೆಮ್ಮೆಯೂ ಇತ್ತು. ಅಕ್ಕ ಎದ್ದು ಬಾಗಿಲು ಮೂರು ಸಲ ತಟ್ಟಿ ತೆರೆದಳು. ಒಳಗೆ ಹೋಗಿ ಎಲೆಯ ಮುಂದೆ ಕೂತೆವು. ಅನ್ನದ ಗುಡ್ಡೆ ಇಟ್ಟ ಹಾಗೇ ಇತ್ತು. ವಡೆ ಜರುಗಿರಲಿಲ್ಲ. ಮೂವರೂ ಲೋಟದ ಕಡೆ ನೋಡಿದೆವು. ನೊರೆ ಒಂದು ಎಳೆಯೂ ಕುಗ್ಗದೆ ಗೋಪುರದ ಹಾಗೇ ನಿಂತಿತ್ತು.

“ಮುಟ್ಟಿಲ್ಲ,” ಎಂದಳು ಅಕ್ಕ. ಅವಳ ದನಿ ಸಣ್ಣದಾಗಿತ್ತು.

ಆಗ ನನಗೆ ಅರ್ಥವಾಯಿತು. ನೊರೆ ಬಿದ್ದಿದ್ದರೆ, ಬಂದಳು, ಕುಡಿದಳು ಎಂದು ಎಲ್ಲರೂ ಕಣ್ಣೊರೆಸಿಕೊಂಡು ಊಟಕ್ಕೆ ಏಳುತ್ತಿದ್ದರು. ಬೀಳಬಾರದು ಎಂದು ಅಷ್ಟೊಂದು ಭಾನುವಾರಗಳನ್ನು ಸವೆಸಿ, ಗೋಡೆ ಕೆಡಿಸಿ, ಅಕ್ಕನ ಕೈ ನೋಯಿಸಿದವನು ನಾನು. ಈಗ ಅದೇ ನೊರೆಯ ಮುಂದೆ ಕೂತು, ಒಂದಿಷ್ಟಾದರೂ ಕುಸಿಯಬಾರದಿತ್ತೆ ಎಂದು ಬೇಡಿಕೊಳ್ಳುತ್ತಿದ್ದೆ. ಲೋಕದಲ್ಲಿ ನಾನು ಚೆನ್ನಾಗಿ ಮಾಡಿದ ಕೆಲಸ ಇದೊಂದೇ. ಮಾಡಬಾರದಾಗಿದ್ದ ಕೆಲಸವೂ ಇದೇ.

“ಏನಾದ್ರೂ ಕೋಪ ಇರ್ಬೇಕು ಭಾವ,” ಎಂದ ಶಿವಣ್ಣ ಮೆಲ್ಲಗೆ. “ನಾನು ದೀಪಾವಳಿಗೆ ಕರೀಲಿಲ್ಲ ಅಂತ ಇರ್ಬೋದು.”

“ನೀ ಸುಮ್ನಿರು ಶಿವಣ್ಣ,” ಎಂದು ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ, ಎಡೆಯನ್ನು ಎತ್ತಬೇಕಲ್ಲ ಎಂದು, ಚಮಚ ತೆಗೆದು ನೊರೆಯೊಳಕ್ಕೆ ಇಳಿಸಿದಳು. ಚಮಚ ಸರ್ರನೆ ಒಳಕ್ಕೆ ಹೋಯಿತು. ಅಕ್ಕ ನೊರೆಯನ್ನು ಒಂದು ಕಡೆ ಸರಿಸಿ ಬಗ್ಗಿ ನೋಡಿದಳು.

“ತಂಬಿ. ಬಾ ಇಲ್ಲಿ. ಒಳಗೆ ಬರಿದು!”

ನಾನೂ ಬಗ್ಗಿ ನೋಡಿದೆ. ಮೇಲೆ ನೊರೆಯ ಸೂರು, ಅದರ ಕೆಳಗೆ ಖಾಲಿ ಜಾಗ, ಎಲ್ಲೋ ಕೆಳಗೆ ಕಾಫಿ.

“ಕುಡ್ದವ್ಳೆ!” ಅಕ್ಕ ನೆಲಕ್ಕೆ ಕೈಯೂರಿ ಕೂತುಬಿಟ್ಟಳು. ಅಳುತ್ತಿದ್ದಳು, ನಗುತ್ತಲೂ ಇದ್ದಳು. “ಕಾಪಿ ತಾನು ಕುಡ್ದು ಗಾಳೀನ ನಿಂಗೆ ಬಿಟ್ಟು ಹೋಗವ್ಳೆ, ಕಳ್ಳಿ! ಬದ್ಕಿದ್ದಾಗ್ಲೂ ಅಷ್ಟೇ, ಈಗ್ಲೂ ಅಷ್ಟೇ.”

ಶಿವಣ್ಣ ಪಟಕ್ಕೆ ಅಡ್ಡಬಿದ್ದ.

ನಾನು ಎಸ್ಸೆಸ್ಸೆಲ್ಸಿ ಓದಿದವನು. ಅಂಚಿನವರೆಗೆ ಒತ್ತಿ ತುಂಬಿದ ಮಂಜುಗಡ್ಡೆ ಧಗೆಗೆ ಕರಗಿ ಕೆಳಕ್ಕಿಳಿಯುತ್ತದೆ, ಗಟ್ಟಿಯಾದ ನೊರೆ ಲೋಟದ ಅಂಚಿಗೆ ಅಂಟಿಕೊಂಡು ಮೇಲೆಯೇ ನಿಲ್ಲುತ್ತದೆ, ನಡುವೆ ಜಾಗ ಉಳಿಯುತ್ತದೆ. ಇದನ್ನು ಇಬ್ಬರಿಗೂ ತಿಳಿಯುವ ಹಾಗೆ ಹೇಳಬಲ್ಲೆ. ಹೇಳಲೆಂದು ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಅಕ್ಕ ಒಂದು ಚಮಚ ನೊರೆಯನ್ನು ತೆಗೆದು ನನ್ನ ಬಾಯಿಗೆ ಹಾಕಿದಳು. ಬಾಯಲ್ಲಿ ನೊರೆ ಇರುವಾಗ ಉತ್ತರ ಕೊಡುವ ಅಭ್ಯಾಸ ನನಗೆ ಮೊದಲಿನಿಂದಲೂ ಇಲ್ಲ. ಅಕ್ಕ ಕೊಟ್ಟಷ್ಟನ್ನೂ ತಿಂದೆ. ಶಳಿಯ ಮಾತನ್ನು ಅವಳೂ ಎತ್ತಲಿಲ್ಲ.

ಸಕ್ಕರೆ ಜಾಸ್ತಿಯಾಗಿತ್ತು. ಅಷ್ಟು ಕಾಫಿ ಕುಡಿದು ಹೋದವಳು ಅದೊಂದು ಮಾತು ಹೇಳಿ ಹೋಗಬಹುದಾಗಿತ್ತು.